ಪದ ಪರಿಚಯ: ಪಬ್ಲಿಕ್ ಟ್ರಸ್ಟ್ ಸಿದ್ಧಾಂತ

ಗೋವಾದಲ್ಲಿರುವ ನಾವು ಬೀಚಿಗೆ ಹೋಗಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ, ಅಲ್ವಾ? ಕೇಳಬೇಕಿಲ್ಲ ಯಾಕೆ ಅನ್ನುವುದಕ್ಕೆ ಕಾನೂನು ಕೊಡುವ ಉತ್ತರವೇ ಪಬ್ಲಿಕ್ ಟ್ರಸ್ಟ್ ಸಿದ್ಧಾಂತ. ಕಡಲತೀರ, ನದಿ, ಕಾಡು ಇವೆಲ್ಲ ಜನರ ಆಸ್ತಿ. ಸರ್ಕಾರ ಅದಕ್ಕೆ ಟ್ರಸ್ಟಿ ಅಷ್ಟೇ. ನಮ್ಮ ಕನ್ನಡ ಸಂಘಗಳ ಟ್ರಸ್ಟಿಗಳನ್ನೇ ನೋಡಿ. ಬೀಗದ ಕೈ ಅವರ ಹತ್ತಿರ ಇರುತ್ತದೆ. ರಿಪೇರಿ, ಲೆಕ್ಕಪತ್ರ ಅವರದೇ ಜವಾಬ್ದಾರಿ. ಹಾಗಂತ ಕಟ್ಟಡವನ್ನು ಬೇಕಾದವರಿಗೆ ಬರೆದುಕೊಡುವ ಹಾಗಿಲ್ಲ.

ವಿಚಾರ ಬಹಳ ಹಳೆಯದು. ಗಾಳಿ, ಹರಿಯುವ ನೀರು, ಸಮುದ್ರ, ಅದರ ದಡ ಎಲ್ಲರಿಗೂ ಸೇರಿದ್ದು ಎಂಬ ಮಾತು 6ನೇ ಶತಮಾನದ ರೋಮನ್ ಕಾನೂನಿನಲ್ಲೇ ಇದೆ. ಅದನ್ನು ಪರಿಸರ ಉಳಿಸಲು ಬಳಸಬಹುದು ಎಂದು ತೋರಿಸಿಕೊಟ್ಟವರು ಜೋಸೆಫ್ ಸ್ಯಾಕ್ಸ್. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿಸುತ್ತಿದ್ದವರು. 1970ರ ಒಂದು ಲೇಖನದಲ್ಲಿ ಅವರು ಸರ್ಕಾರದ ಮೇಲಿನ ಮೂರು ಕಟ್ಟುಪಾಡುಗಳನ್ನು ಬಿಡಿಸಿಟ್ಟರು. ಇಂಥ ಆಸ್ತಿ ಜನರ ಬಳಕೆಗೆ ತೆರೆದಿರಬೇಕು. ಒಳ್ಳೆಯ ಬೆಲೆ ಬಂದರೂ ಮಾರಬಾರದು. ಅದರ ಸಹಜ ಉಪಯೋಗಕ್ಕೆ ತಕ್ಕಂತೆ ಕಾಪಾಡಬೇಕು. ಎರಡನೆಯದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ದುಡ್ಡು ಕಟ್ಟಿದ್ದೇವೆ, ಪರ್ಮಿಶನ್ ಇದೆ ಎಂದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಅದೇ ವರ್ಷ ಅವರು ಕರಡು ಬರೆದ ಕಾನೂನೊಂದನ್ನು ಮಿಷಿಗನ್ ರಾಜ್ಯ ಜಾರಿಗೆ ತಂದಿತು. ಪರಿಸರ ಕೆಡುತ್ತಿದ್ದರೆ ಅಲ್ಲಿ ಸಾಮಾನ್ಯ ಪ್ರಜೆಯೂ ನೇರವಾಗಿ ಕೋರ್ಟಿಗೆ ಹೋಗಬಹುದು. ಸ್ಯಾಕ್ಸ್ 2014ರಲ್ಲಿ ತೀರಿಕೊಂಡರು.

ಭಾರತಕ್ಕೆ ಈ ಸಿದ್ಧಾಂತ ಬಂದದ್ದು 1996ರ ಡಿಸೆಂಬರ್‌ನಲ್ಲಿ. ಹಿಮಾಚಲದಲ್ಲಿ ಬಿಯಾಸ್ ನದಿಯ ಹರಿವನ್ನೇ ತಿರುಗಿಸಿದ್ದ ರೆಸಾರ್ಟ್ ಒಂದರ ಪ್ರಕರಣವದು. ಸುಪ್ರೀಂ ಕೋರ್ಟ್ ಸ್ಯಾಕ್ಸ್ ಲೇಖನವನ್ನು ಎತ್ತಿ ಹೇಳಿ, ರೆಸಾರ್ಟಿಗೆ ಸರ್ಕಾರ ಕೊಟ್ಟಿದ್ದ ಜಾಗದ ಗುತ್ತಿಗೆ ರದ್ದು ಮಾಡಿತು.

ನಮ್ಮ ಗೋವಾದ ಪ್ರಕರಣ ಇದಕ್ಕಿಂತ ಹತ್ತಿರದ್ದು. ದೋನಾ ಪಾವ್ಲಾ ಬಳಿ ವಾಯಿಂಗಿಣಿ ಬೀಚ್ ಇದೆ. ಅಲ್ಲಿನ ಪಂಚತಾರಾ ಹೋಟೆಲಿಗಾಗಿ ಸರ್ಕಾರ ಜಾಗ ವಶಪಡಿಸಿಕೊಟ್ಟಿತ್ತು. ಬೀಚಿಗೆ ಹೋಗುವ ದಾರಿಗೆ ಅಡ್ಡಿ ಮಾಡಬಾರದು ಎಂಬ ಷರತ್ತು ಹೋಟೆಲಿನವರು ಸರ್ಕಾರದ ಜೊತೆ ಮಾಡಿಕೊಂಡ 1983ರ ಒಪ್ಪಂದದಲ್ಲೇ ಇತ್ತು. ಆದರೂ ಆ ದಾರಿಗೆ ಹೋಟೆಲಿನ ಹೊಸ ಕಟ್ಟಡ ಅಡ್ಡ ಬಂತು. ಊರಿನವರು ಸುಮ್ನೆ ಕೂರಲಿಲ್ಲ. ಬಾಂಬೆ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. 2009ರಲ್ಲಿ ಸುಪ್ರೀಂ ಕೋರ್ಟ್ ಇದೇ ಸಿದ್ಧಾಂತವನ್ನು ಮುಂದಿಟ್ಟು ಅದನ್ನು ಎತ್ತಿಹಿಡಿಯಿತು. ಕಟ್ಟಡ ಒಡೆಯಬೇಕು ಎಂದಾಯಿತು.

ಒಡೆಯಲಿಲ್ಲ. ಗೋವಾ ಸರ್ಕಾರ ಭೂಸ್ವಾಧೀನ ಕಾನೂನಿಗೇ ತಿದ್ದುಪಡಿ ತಂದಿತು, ಹಿಂದಿನ ಒಪ್ಪಂದಗಳಿಗೂ ಅನ್ವಯಿಸುವಂತೆ. ಕಟ್ಟಡ ಉಳಿಯಿತು. ಟ್ರಸ್ಟಿಯೇ ಹೀಗೆ ನಿಯಮ ಬದಲಿಸಿದರೆ ಜನ ಎಲ್ಲಿಗೆ ಹೋಗಬೇಕು? ತಿದ್ದುಪಡಿಯನ್ನು ಪ್ರಶ್ನಿಸಿ ಗೋವಾ ಫೌಂಡೇಶನ್ ಎಂಬ ಪರಿಸರ ಸಂಘಟನೆ ಮತ್ತೆ ಕೋರ್ಟಿಗೆ ಹೋಯಿತು. 2016ರಲ್ಲಿ ಸುಪ್ರೀಂ ಕೋರ್ಟ್, ತಿದ್ದುಪಡಿ ಸರಿಯಾಗಿಯೇ ಇದೆ ಎಂದಿತು.