ನೆಟ್ಟಗೆ ನಿಲ್ಲುವ ಕೆಲಸ

ಬೇಸಿಗೆಯ ಒಂದು ಬೆಳಗ್ಗೆ ಯಾದಗಿರಿಯ ಕೋಟೆ ಗುಡ್ಡದ ಕೆಳಗಿನ ಓಣಿಯಲ್ಲಿ ನಿಂತರೆ, ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಒಂದರ ಮೇಲೊಂದು ಎರಡು ಕೊಡ, ಸೊಂಟದಲ್ಲಿ ಮತ್ತೊಂದು ಹೊತ್ತು ಬರುವ ಹೆಣ್ಣುಮಗಳು ಕಣ್ಣಿಗೆ ಬೀಳುತ್ತಾಳೆ. ಕಾಲ ಕೆಳಗಿನ ಪರ್ಸಿ ಕಲ್ಲುಗಳು ಏರುಪೇರಾಗಿವೆ, ಆಕೆ ಎದುರಾದವರನ್ನು ಮಾತನಾಡಿಸುತ್ತ, ಅಡ್ಡ ಬಂದ ಆಡನ್ನು ಗದರುತ್ತ ನಡೆಯುತ್ತಾಳೆ, ನೀರು ತುಳುಕುವುದಿಲ್ಲ. ಹರಡು, ಮೊಣಕಾಲು, ಸೊಂಟ ಹೆಜ್ಜೆ ಹೆಜ್ಜೆಗೂ ಆಡುತ್ತಿದ್ದರೂ ತಲೆ ಮಾತ್ರ ಯಾರೋ ಹಿಡಿದಿಟ್ಟಂತೆ ಸ್ಥಿರವಾಗಿರುತ್ತದೆ. ಹೇಗೆಂದು ಕೇಳಿದರೆ ಸಿಗುವ ಉತ್ತರ, "ಅದರಾಗೇನದ್ರಿ, ರೂಢ್ಯಾಗ್ಯಾದ."

ಕೊಡ ಹೊರುವುದು ರೂಢಿಯ ಮಾತಿರಬಹುದು. ಆದರೆ ಏನನ್ನೂ ಹೊರದೆ, ಕಲಬುರಗಿಯ ಬಸ್ ನಿಲ್ದಾಣದಲ್ಲಿ ಸೇಡಂ ಬಸ್ಸಿಗೆ ಕಾಯುತ್ತ ಸುಮ್ಮನೆ ನಿಲ್ಲುವುದೂ ಸಣ್ಣ ಕೆಲಸವಲ್ಲ. ಮನುಷ್ಯನ ದೇಹದ ಭಾರಕೇಂದ್ರ ಹೊಕ್ಕುಳಿಗಿಂತ ತುಸು ಕೆಳಗೆ, ಬೆನ್ನುಮೂಳೆಯ ಬುಡದ ಮುಂದೆ ಇರುತ್ತದೆ. ಅಲ್ಲಿಂದ ಗೌಂಡಿಯ ತೂಗುಗುಂಡನ್ನು ಇಳಿಬಿಟ್ಟರೆ ಅದು ಹರಡಿನ ಕೀಲಿನ ಮೇಲೆ ಬೀಳದೆ ಕೆಲವು ಸೆಂಟಿಮೀಟರ್ ಮುಂದೆ ಬೀಳುತ್ತದೆ. ಅಂದರೆ ನಿಂತ ಮನುಷ್ಯ ಸದಾ ಮುಂದಕ್ಕೆ ಬೀಳುತ್ತಲೇ ಇರುತ್ತಾನೆ. ಅವನನ್ನು ಹಿಂದಕ್ಕೆ ಜಗ್ಗಿ ಹಿಡಿಯುವುದು ಮೀನಖಂಡದ ಸ್ನಾಯು.

ಇಲ್ಲೊಂದು ಸೋಜಿಗವಿದೆ. ದೇಹ ಮುಂದಕ್ಕೆ ವಾಲಿದಾಗ ಮೀನಖಂಡ ಹಿಗ್ಗಬೇಕೆಂದು ಬಹುಕಾಲ ಎಲ್ಲರೂ ಭಾವಿಸಿದ್ದರು. ಅಲ್ಟ್ರಾಸೌಂಡ್ ಇಟ್ಟು ನೋಡಿದಾಗ ಕಂಡದ್ದು ತಿರುವುಮುರುವು. ಸ್ನಾಯುವನ್ನು ಹಿಮ್ಮಡಿಗೆ ಕಟ್ಟಿರುವ ದಪ್ಪ ರಜ್ಜು ಸ್ಪ್ರಿಂಗಿನಂತೆ ಜಗ್ಗಿಕೊಳ್ಳುವುದರಿಂದ, ವಾಲುವ ಹೊತ್ತಿನಲ್ಲಿ ಸ್ನಾಯು ಬಹುಪಾಲು ಕುಗ್ಗುತ್ತಿರುತ್ತದೆ. ಸ್ಪ್ರಿಂಗೊಂದರಿಂದಲೇ ದೇಹ ನಿಲ್ಲದು. ಆದ್ದರಿಂದ ನರಮಂಡಲ ಸೆಕೆಂಡಿಗೆ 2-3 ಬಾರಿ ಸಣ್ಣ ಸಣ್ಣ ಎಳೆತಗಳನ್ನು ಕೊಟ್ಟು, ಅಂಗೈ ಮೇಲೆ ಕೋಲು ನಿಲ್ಲಿಸುವ ಹುಡುಗನ ಹಾಗೆ, ದೇಹವನ್ನು ಸರಿಪಡಿಸುತ್ತಲೇ ಇರುತ್ತದೆ. ಎಷ್ಟೇ ಅಲ್ಲಾಡದೆ ನಿಂತೆನೆಂದರೂ ದೇಹ ತುಸು ತೂಗುತ್ತಿರುವುದು ಇದರಿಂದಲೇ.

ಎಷ್ಟು ಜಗ್ಗಬೇಕೆಂಬ ಸುದ್ದಿ ಬರುವುದೆಲ್ಲಿಂದ? ಸಮತೋಲ ಎಂದೊಡನೆ ಶಾಲೆಯ ಪಾಠಗಳು ಕಿವಿಯ ಚಿತ್ರ ಬಿಡಿಸುತ್ತವೆ. ಕಿವಿಯ ಪಾಲು ದೊಡ್ಡದೇ. ಒಳಗಿವಿಯಲ್ಲಿ ಮೂರು ದಿಕ್ಕಿಗೆ ಮುಖ ಮಾಡಿದ ಮೂರು ಅರ್ಧವೃತ್ತದ ನಾಳಗಳಿವೆ. ತಲೆ ತಿರುಗಿದಾಗ ಅವುಗಳೊಳಗಿನ ದ್ರವ ಹಿಂದುಳಿದು, ಸೂಕ್ಷ್ಮ ಕೂದಲಿನಂಥ ಎಳೆಗಳಿರುವ ಕೋಶಗಳನ್ನು ಬಾಗಿಸುತ್ತದೆ. ಶರಣಬಸವೇಶ್ವರ ಜಾತ್ರೆಯಲ್ಲಿ ಗರಗರ ಸುತ್ತುವ ಕುದುರೆಯಿಂದ ಇಳಿದ ಮಗು, ಕುದುರೆ ನಿಂತರೂ ತಾನು ತಿರುಗುತ್ತಲೇ ಇರುವಂತೆ ತೂರಾಡುವುದು, ತಲೆ ನಿಂತ ಮೇಲೂ ಆ ದ್ರವ ಮುಂದಕ್ಕೆ ತಳ್ಳುವುದರಿಂದ. ನಾಳಗಳ ಪಕ್ಕದಲ್ಲೇ ಇರುವ ಎರಡು ಪುಟ್ಟ ಚೀಲಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳಿದ್ದು, ತಲೆ ಯಾವ ಕಡೆ ಓರೆಯಾಯಿತೆಂದು ತಿಳಿಸುತ್ತವೆ. ಈ ಹರಳು ಜಾರಿ ನಾಳದೊಳಗೆ ಹೊಕ್ಕರೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೊಡನೆ ಮನೆಯೆಲ್ಲ ಗಿರ್ರನೆ ತಿರುಗುತ್ತದೆ. ನಮ್ಮ ಕಡೆ ಇದಕ್ಕೆ 'ಚಕ್ಕರ್' ಎಂದು ಹೆಸರಿಟ್ಟು, ಬಿ.ಪಿ.ಯದೇ ಕೈವಾಡವೆಂದು ತೀರ್ಮಾನಿಸುವವರೇ ಹೆಚ್ಚು. ಎಷ್ಟೋ ಸಲ ತಲೆಯನ್ನು ಕ್ರಮಬದ್ಧವಾಗಿ ಹೊರಳಿಸಿ ಹರಳನ್ನು ಸ್ವಸ್ಥಾನಕ್ಕೆ ಇಳಿಸುವುದೇ ಇದರ ಚಿಕಿತ್ಸೆ.

ಆದರೆ ನನಗೆ ತೋರುವಂತೆ, ಕಿವಿಗೆ ಸಂದ ಮನ್ನಣೆ ಕಾಲಿಗೆ ಸಂದಿಲ್ಲ. ಕಿವಿಗೆ ತಿಳಿಯುವುದು ತಲೆಯ ಸ್ಥಿತಿ ಮಾತ್ರ. ನಿಧಾನವಾಗಿ ತೂಗುವ ದೇಹದ ಸೂಕ್ಷ್ಮ ವಾಲುವಿಕೆಯನ್ನು ಅದಕ್ಕಿಂತ ಚೆನ್ನಾಗಿ ಅರಿಯುವುದು ಅಂಗಾಲಿನ ಚರ್ಮ ಮತ್ತು ಕಾಲಿನ ಸ್ನಾಯುಗಳೊಳಗಿನ ಕದಿರಿನಾಕಾರದ ಸಂವೇದಕಗಳು. ಕೀಲು-ಸ್ನಾಯುಗಳ ಈ ಒಳ ಅರಿವಿಗೆ 1906ರಲ್ಲಿ ಪ್ರತ್ಯೇಕ ಹೆಸರು ಕೊಟ್ಟವನು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್. ನರಕೋಶಗಳ ಕುರಿತ ಸಂಶೋಧನೆಗಾಗಿ 1932ರಲ್ಲಿ ಅವನಿಗೆ ನೊಬೆಲ್ ದೊರೆಯಿತು. ಈ ಅರಿವು ಕುಂದಿದವರು ಕಣ್ಣಿನ ಆಸರೆಯಲ್ಲಿ ಹೇಗೋ ನಿಭಾಯಿಸುತ್ತಾರೆ. ಅವರ ಕೊರತೆ ಬಯಲಾಗುವುದು ಬಚ್ಚಲಲ್ಲಿ: ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಗಳಿಗೆಯಲ್ಲೇ ಮುಗ್ಗರಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಲಿನ್ನಿನ ವೈದ್ಯ ಮೋರಿಟ್ಸ್ ರೋಮ್‌ಬರ್ಗ್ ಇದನ್ನು ಗಮನಿಸಿ ಬರೆದ. ಪಾದ ಜೋಡಿಸಿ, ಕಣ್ಣು ಮುಚ್ಚಿಸಿ ನಿಲ್ಲಿಸುವ ಪರೀಕ್ಷೆ ಇಂದಿಗೂ ಅವನ ಹೆಸರಿನಲ್ಲೇ ಇದೆ. ಬಹುದಿನದ ಸಕ್ಕರೆ ಕಾಯಿಲೆಯಿಂದ ಅಂಗಾಲಿನ ನರ ಸವೆದವರಿಗೆ, ಬಿ12 ಜೀವಸತ್ವ ತೀರ ಕಡಿಮೆಯಾದವರಿಗೆ, ರಾತ್ರಿ ಕರೆಂಟ್ ಹೋದಾಗ ಎದ್ದು ನಡೆಯುವುದು ಅಪಾಯಕಾರಿಯಾಗುವುದೂ ಈ ಕಾರಣಕ್ಕೇ.

ಈ ಎಲ್ಲ ಸುದ್ದಿಗಳೂ ಮಿದುಳಿನ ಕಾಂಡದಲ್ಲಿ ಮತ್ತು ಕಿರುಮಿದುಳಿನಲ್ಲಿ ಕೂಡುತ್ತವೆ. ಕಿರುಮಿದುಳು ವಾಲಿದ ಮೇಲೆ ಎಚ್ಚೆತ್ತುಕೊಳ್ಳುವ ಕಾವಲುಗಾರನಲ್ಲ. 1967ರಲ್ಲಿ ಸೋವಿಯತ್ ಸಂಶೋಧಕರು ನಿಂತವರಿಗೆ ಕೈ ಎತ್ತಲು ಹೇಳಿ ಸ್ನಾಯುಗಳ ವಿದ್ಯುತ್ ಸಂಕೇತ ಅಳೆದಾಗ, ತೋಳಿಗಿಂತ ಮೊದಲು ಕಾಲಿನ ಸ್ನಾಯು ಬಿಗಿಯಾದದ್ದು ಕಂಡುಬಂತು. ಎತ್ತಿದ ಕೈ ದೇಹವನ್ನು ಮುಂದಕ್ಕೆಳೆಯುತ್ತದೆಂಬ ಲೆಕ್ಕ ಮೊದಲೇ ಆಗಿರುತ್ತದೆ. ನಮ್ಮ ಓಣಿಯ ಹೆಣ್ಣುಮಗಳೂ ಎರಡನೆಯ ಕೊಡವನ್ನು ತಲೆಗೇರಿಸಲು ಕೈ ಎತ್ತುವ ಮುನ್ನವೇ ಆಕೆಯ ಕಾಲುಗಳು ಸಿದ್ಧವಾಗಿರುತ್ತವೆ.

ಅದೇ ಓಣಿಯ ಮನೆಯೊಂದರಲ್ಲಿ ರಾತ್ರಿ ಎದ್ದ ಅಜ್ಜಿ, ದೀಪ ಹಾಕದೆ, ಪಡಸಾಲೆಯ ಗೋಡೆಗೆ ಒಂದೇ ಬೆರಳು ತಾಗಿಸುತ್ತ ನಡೆಯುವುದನ್ನು ನೋಡಿ, ಇಷ್ಟು ಹಗುರ ಆಸರೆಯಿಂದ ಏನಾದೀತೆಂದು ನಗುವುದುಂಟು. ಆ ಬೆರಳು ಭಾರ ಹೊರುತ್ತಿಲ್ಲ. 100 ಗ್ರಾಂ ತೂಕದಷ್ಟೂ ಒತ್ತದೆ ಬೆರಳ ತುದಿಯನ್ನು ಸುಮ್ಮನೆ ತಾಗಿಸಿದರೂ ಕತ್ತಲಲ್ಲಿ ನಿಂತವರ ತೂಗಾಟ ಗಮನಾರ್ಹವಾಗಿ ಇಳಿಯುವುದು ಪ್ರಯೋಗಗಳಲ್ಲಿ ಕಂಡಿದೆ. ಕಣ್ಣು ಕೊಡಲಾರದ ಸುದ್ದಿಯನ್ನು ಗೋಡೆ ಕೊಡುತ್ತಿದೆ. ಅಜ್ಜಿ ಅದನ್ನು ಬೆರಳಿನಿಂದ ಓದಿಕೊಂಡು ಬಚ್ಚಲ ಬಾಗಿಲವರೆಗೆ ಹೋಗುತ್ತಾಳೆ.