ಮುಳುಗಿದ ಊರು, ಉಳಿದ ಗೋಡೆ: ಶೆಟ್ಟಿಹಳ್ಳಿ ಚರ್ಚಿನ ಹಿನ್ನೆಲೆ

ಮಳೆಗಾಲದಲ್ಲಿ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಬರುವವರು ಹುಡುಕುವುದು ಒಂದೇ ನೋಟ. ಅರ್ಧ ನೀರಿನಲ್ಲಿರುವ ಕಮಾನುಗಳು, ಸೂರಿಲ್ಲದ ಗೋಡೆ, ಪಕ್ಕದಲ್ಲೊಂದು ತೆಪ್ಪ. ‘ತೇಲುವ ಚರ್ಚ್’ ಎಂಬ ಹೆಸರೂ ಅಂಟಿಕೊಂಡಿದೆ. ನನಗೆ ಆ ಹೆಸರು ಒಪ್ಪುವುದಿಲ್ಲ. ಅದು ತೇಲುತ್ತಿಲ್ಲ, ಮುಳುಗಿದ ಊರೊಂದರ ಗುರುತಾಗಿ ನಿಂತಿದೆ.

ಈ ಸೀಮೆಯ ಕ್ರೈಸ್ತರ ಕಥೆ ಬೇಸಾಯದ ಜೊತೆ ಬೆಸೆದುಕೊಂಡಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಫ್ರಾನ್ಸಿನ ಪಾದ್ರಿ ಅಬ್ಬೆ ದುಬೊಯ್ ಮೈಸೂರು ಸೀಮೆಗೆ ಬಂದರು. ಪೇಟ ಸುತ್ತಿ, ಮಾಂಸ ಬಿಟ್ಟು, ಇಲ್ಲಿಯವರಂತೆಯೇ ಬದುಕಿದ ಅವರನ್ನು ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡವರಿಗೆ ಉಳುವ ನೆಲದ ಆಸರೆ ಒದಗಿಸಿದರು, ಸಿಡುಬಿಗೆ ಲಸಿಕೆ ಹಾಕಿಸಿದರು. ಹೊಲ ಮತ್ತು ಆರೋಗ್ಯ, ಎರಡೂ ಅವರ ಪಾಲಿಗೆ ಧರ್ಮದ ಕೆಲಸವೇ ಆಗಿದ್ದವು. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು. ಫ್ರೆಂಚ್ ಪಾದ್ರಿಗಳ ನಂಟು ಮಾತ್ರ ಈ ಹಳ್ಳಿಗಳಿಂದ ಕಡಿಯಲಿಲ್ಲ.

ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನು 1860ರ ದಶಕದಲ್ಲಿ ಕಟ್ಟಿದವರೂ ಫ್ರೆಂಚ್ ಪಾದ್ರಿಗಳೇ. ಚೂಪು ಕಮಾನಿನ ಗಾಥಿಕ್ ಶೈಲಿ, ಇಟ್ಟಿಗೆ ಮತ್ತು ಸುಣ್ಣದ ಗಾರೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಜನ ಇಂದಿಗೂ ಹೇಳುತ್ತಾರೆ. ನೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಪೂಜೆ ನಡೆಯಿತು, ಮದುವೆಗಳಾದವು, ಸತ್ತವರಿಗಾಗಿ ಗಂಟೆ ಬಾರಿಸಿತು.

ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಅಣೆಕಟ್ಟು ಎದ್ದಿತು. 1979ರ ಹೊತ್ತಿಗೆ ಅದು ಮುಗಿದಾಗ ಹಿನ್ನೀರಿನ ಊರುಗಳು ಖಾಲಿಯಾಗಿದ್ದವು. ದೂರದ ಗದ್ದೆಗಳಿಗೆ ನೀರು ಸಿಕ್ಕಿದ್ದು ನಿಜ. ಅದಕ್ಕಾಗಿ ತಮ್ಮ ಗದ್ದೆಯನ್ನು ಬಿಟ್ಟುಕೊಟ್ಟವರ ಮಾತು ಪ್ರವಾಸಿ ಬರಹಗಳಲ್ಲಿ ಒಂದು ಸಾಲಿಗೆ ಮುಗಿದುಹೋಗುವುದು ನನ್ನನ್ನು ನೋಯಿಸುತ್ತದೆ.

ಬೇಸಿಗೆಯಲ್ಲಿ ಹೋದರೆ ಬೇರೆಯದೇ ಚಿತ್ರ. ನೀರು ಹಿಂದೆ ಸರಿದು, ಒಂದು ಕಾಲಕ್ಕೆ ಜನ ಮಂಡಿಯೂರುತ್ತಿದ್ದ ನೆಲಕ್ಕೆ ನಡೆದೇ ಹೋಗಬಹುದು. ನೀರು ಎಲ್ಲಿಯವರೆಗೆ ಏರಿತ್ತೆಂದು ಗೋಡೆಯ ಕಲೆಯೇ ತೋರಿಸುತ್ತದೆ. ಗಾರೆ ಉದುರಿದಲ್ಲಿ ಕೆಂಪು ಇಟ್ಟಿಗೆಗಳು ಕಾಣುತ್ತವೆ, ಅವುಗಳ ಮೇಲೆ ಬಂದುಹೋದವರು ಗೀಚಿದ ಹೆಸರುಗಳು. ಪ್ರತಿ ವರ್ಷ ನೆನೆದು ಒಣಗುವ ಗೋಡೆ ತಾನಾಗಿಯೇ ಸಡಿಲಗೊಳ್ಳುತ್ತದೆ. ಕೆಲವು ಭಾಗ ಈಗಾಗಲೇ ಕುಸಿದಿದೆ. ದಯವಿಟ್ಟು ಫೋಟೊಗಾಗಿ ಅದರ ಮೇಲೆ ಹತ್ತಬೇಡಿ.