ಎಲ್ಲರೂ ಒಬ್ಬನ ಹಾಗೇ ಕಾಣುತ್ತಾರಲ್ಲ, ತಪ್ಪು ನನ್ನದಾ?

ಪ್ರಶ್ನೆ: ಸಿಕೋಯಾ ನಾಗಮಾಟ್ಸು ಅವರ ‘ಹೌ ಹೈ ವಿ ಗೋ ಇನ್ ದ ಡಾರ್ಕ್’ ಎಂಬ, ಒಂದಕ್ಕೊಂದು ಹೆಣೆದ ಸೈನ್ಸ್ ಫಿಕ್ಷನ್ ಕಥೆಗಳ ಪುಸ್ತಕ ಓದಿದೆ. ಒಂದೊಂದು ಕಥೆಯೂ ಚೆನ್ನಾಗಿದೆ. ಆದರೆ ಅರ್ಧ ದಾಟುವಷ್ಟರಲ್ಲಿ ಯಾರು ಯಾರೆಂದೇ ಗೊತ್ತಾಗಲಿಲ್ಲ. ನಾನು ಸರಿಯಾಗಿ ಓದಲಿಲ್ಲವೇ?

ಸರಿಯಾಗಿಯೇ ಓದಿದ್ದೀರಿ. 2022ರಲ್ಲಿ ಪುಸ್ತಕ ಬಂದಾಗಿನಿಂದ ಇದನ್ನೇ ಹೇಳುತ್ತಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ.

ಪುಸ್ತಕ ಸುಂದರವಾಗಿದೆ. ಸೈಬೀರಿಯಾದ ಬಟಗೈಕಾ ಕುಳಿಯಲ್ಲಿ ಮೂವತ್ತು ಸಾವಿರ ವರ್ಷ ಹಳೆಯ ಹುಡುಗಿಯ ದೇಹ ಸಿಗುತ್ತದೆ, ಜೊತೆಗೇ ರೋಗವೂ ಹೊರಬರುತ್ತದೆ. ಸಾಯಲಿರುವ ಮಕ್ಕಳಿಗೆ ಕೊನೆಯ ಸಂತೋಷ ಕೊಡಲೆಂದು ಒಂದು ಮನರಂಜನಾ ಪಾರ್ಕು. ತೀರಿಕೊಂಡ ತಾಯಿಯ ದನಿಯನ್ನು ಉಳಿಸಿಕೊಂಡಿರುವ ರೋಬೋ ನಾಯಿ. ಇಷ್ಟೆಲ್ಲ ಕಲ್ಪನೆ ಇದ್ದೂ ಕಥೆ ಹೇಳುವವರನ್ನು ನೋಡಿ: ಮಗಳು ಬದುಕಿದ್ದಾಗ ಹತ್ತಿರವಾಗದ ಅಪ್ಪ, ತಾಯಿಯಿಂದ ದೂರ ಉಳಿದ ಮಗ, ಮಗನೊಡನೆ ಮಾತೇ ಹುಟ್ಟದ ಇನ್ನೊಬ್ಬ ಅಪ್ಪ. ಬಹುಪಾಲು ಎಲ್ಲರೂ ‘ನಾನು’ ಎಂದೇ ಹೇಳುತ್ತಾರೆ, ಒಂದೇ ತಗ್ಗಿದ ದನಿಯಲ್ಲಿ.

ಇಷ್ಟು ಹೇಳಿದ ಕೂಡಲೇ ಒಂದು ವಾದ ಬರುತ್ತದೆ: ‘ಸೈನ್ಸ್ ಫಿಕ್ಷನ್‌ನಲ್ಲಿ ಐಡಿಯಾನೇ ಹೀರೋ, ಪಾತ್ರ ಹೇಗಿದ್ದರೇನು?’ ಇದು ಶುದ್ಧ ಸುಳ್ಳು, ಮತ್ತು ಇದಕ್ಕೆ ಸಾಕ್ಷಿಯಾಗಿ ಎಳೆತರುವ, ರೋಬೋಟ್ ಕಥೆಗಳಿಗೆ ಹೆಸರಾದ ಅಸಿಮೋವ್ ಅವರೇ ಇದನ್ನು ಮುರಿಯುತ್ತಾರೆ. 1941ರ ‘ಲೈಯರ್!’ ಕಥೆಯಲ್ಲಿ ಮನಸ್ಸು ಓದುವ ರೋಬೋಟ್, ರೋಬೋಟ್‌ಗಳ ಮನಶ್ಶಾಸ್ತ್ರಜ್ಞೆ ಸುಸಾನ್ ಕ್ಯಾಲ್ವಿನ್‌ಗೆ ಹಿತವಾದ ಸುಳ್ಳು ಹೇಳುತ್ತದೆ: ಆಕೆ ಮೆಚ್ಚಿದವನೂ ಆಕೆಯನ್ನು ಮೆಚ್ಚಿದ್ದಾನಂತೆ. ಸತ್ಯ ಗೊತ್ತಾದ ಮೇಲೆ ಆಕೆ ಅದರ ಬುದ್ಧಿಯೇ ಕೆಡುವಂತೆ ಪ್ರಶ್ನೆ ಹಾಕುತ್ತಾಳೆ. ಕ್ಯಾಲ್ವಿನ್ ಜಾಗದಲ್ಲಿ, ಅಸಿಮೋವ್ ಅವರದೇ ಇನ್ನೊಂದು ಕಥೆಯಲ್ಲಿ ಬುಧಗ್ರಹದ ಮೇಲೆ ಕೆಟ್ಟ ರೋಬೋಟನ್ನು ಸರಿದಾರಿಗೆ ತರುವ ಪೊವೆಲ್‌ನನ್ನು ನಿಲ್ಲಿಸಿ. ಅಸಿಮೋವ್ ಅವರ ರೋಬೋಟ್‌ಗಳು ಪಾಲಿಸಲೇಬೇಕಾದ ನಿಯಮಗಳು ಅವೇ ಮೂರು, ಕಥೆ ಮಾತ್ರ ಉಳಿಯುವುದಿಲ್ಲ.

ರೇ ಬ್ರ್ಯಾಡ್ಬರಿಯ, ಮಂಗಳಗ್ರಹಕ್ಕೆ ಮನುಷ್ಯರು ಹೋಗುವ ಕಥೆಗಳ ‘ದಿ ಮಾರ್ಷಿಯನ್ ಕ್ರಾನಿಕಲ್ಸ್’ (1950) ನೋಡಿ. ಮಂಗಳವನ್ನು ಮನುಷ್ಯರಿಂದ ಕಾಪಾಡಲು ಸ್ಪೆಂಡರ್ ತನ್ನ ಜೊತೆಗಾರರನ್ನೇ ಕೊಲ್ಲುತ್ತಾನೆ. ಅದೇ ತಂಡದ ಪಾರ್ಕ್‌ಹಿಲ್ ಮುಂದೊಂದು ಕಥೆಯಲ್ಲಿ ಅದೇ ಮಂಗಳದಲ್ಲಿ ಹಾಟ್‌ಡಾಗ್ ಅಂಗಡಿ ತೆರೆಯುತ್ತಾನೆ. ಇವರಿಬ್ಬರೂ ಒಂದೇ ಥರ ಯೋಚಿಸಿದ್ದರೆ ಮಂಗಳ ಬರೀ ಕೆಂಪು ಮಣ್ಣಾಗಿರುತ್ತಿತ್ತು.

‘ದುಃಖ ಎಲ್ಲರನ್ನೂ ಒಂದೇ ಮಾಡುತ್ತದೆ, ಬೇಕೆಂದೇ ಹಾಗೆ ಬರೆದಿದ್ದಾರೆ’ ಅನ್ನುವವರೂ ಇದ್ದಾರೆ. ಸಾವಾದ ಮನೆಯಲ್ಲಿ ಒಬ್ಬರು ಖರ್ಚು ಬರೆಯುತ್ತಾ ಕೂರುತ್ತಾರೆ, ಒಬ್ಬರು ಹಳೆಯ ಆಸ್ತಿ ಜಗಳ ತೆಗೆಯುತ್ತಾರೆ, ಒಬ್ಬರು ಎಲ್ಲರಿಗೂ ಕಾಫಿ ಮಾಡುತ್ತಲೇ ಇರುತ್ತಾರೆ. ಒಂದೇ ಥರ ಅಳುವವರು ಎಲ್ಲಿದ್ದಾರೆ?

ಒಂದೇ ಪಾತ್ರ ಮತ್ತೆ ಮತ್ತೆ ಬರುವುದು ಬೇರೆ ವಿಷಯ. ಛಲ ಬಿಡದ ತ್ರಿವಿಕ್ರಮ ಪ್ರತಿ ಸಲವೂ ಅದೇ ಹೆಣ ಹೊರುತ್ತಾನೆ, ನಮಗೆ ಬೇಸರವಾಗುವುದಿಲ್ಲ, ಏಕೆಂದರೆ ಬೇತಾಳ ಹೇಳುವ ಕಥೆಯೊಳಗಿನ ಜನ ಬೇರೆ ಬೇರೆ.

ಹಾಗಾದರೆ ಇಂಥ ಸಂಕಲನವನ್ನು ಓದುವುದು ಹೇಗೆ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಅಸಿಮೋವ್, ಬ್ರ್ಯಾಡ್ಬರಿಯ ಆ ಕಥೆಗಳಲ್ಲಿ ಹೆಚ್ಚಿನವು ಮೊದಲು ಪತ್ರಿಕೆಗಳಲ್ಲಿ ಬಿಡಿಬಿಡಿಯಾಗಿ ಬಂದವು, ನಡುವೆ ತಿಂಗಳುಗಳ ಅಂತರವಿತ್ತು. ನಾಗಮಾಟ್ಸು ಅವರನ್ನೂ ಹಾಗೆಯೇ ಓದಿ, ಕಥೆಗೊಂದು ವಾರ ಬಿಡಿ. ಆ ಮನರಂಜನಾ ಪಾರ್ಕಿನ ಕಥೆ ‘ಸಿಟಿ ಆಫ್ ಲಾಫ್ಟರ್’ ಮತ್ತು ‘ಪಿಗ್ ಸನ್’ ಎರಡನ್ನು ಮಾತ್ರ ಒಟ್ಟಿಗೆ ಓದಿ: ಮೊದಲನೆಯದರ ಹುಡುಗ ಫಿಚ್‌ನ ತಂದೆಯೇ ಎರಡನೆಯದನ್ನು ಹೇಳುವವನು, ಮತ್ತು ಅಲ್ಲಿ ಮಾತು ಕಲಿಯುವ ಹಂದಿಗೆ ಅದರದೇ ದನಿಯಿದೆ.